ಬೆಳಗಿನ ಬಿಗಿತ

ಎಚ್ಚರವಾದ ಮೇಲೂ ಆಶಾರಾಣಿ ತುಸು ಹೊತ್ತು ಕಣ್ಣು ತೆರೆಯಲಿಲ್ಲ. ಮೊದಲು ಹೊಟ್ಟೆಯನ್ನು ಕೇಳಬೇಕು, ಆಮೇಲೆ ಬೆನ್ನನ್ನು. ಹೊಟ್ಟೆ ಸುಮ್ಮನಿತ್ತು, ಸುಮ್ಮನಿರುವುದು ಬೇರೆ, ಹೊಂಚು ಹಾಕಿ ಕೂತಿರುವುದು ಬೇರೆ, ಈಗಿನದು ಯಾವುದೆಂದು ಹೇಳುವಂತಿರಲಿಲ್ಲ. ಬೆನ್ನು ಮಾತ್ರ ಎಂದಿನಂತೆ ರಾತ್ರಿ ಕಳೆಯುವುದರೊಳಗೆ ಬೇರೆ ಯಾರದೋ ಆಗಿಬಿಟ್ಟಿತ್ತು. ಸೊಂಟದ ಹಿಂದೆ, ಕೈಯನ್ನು ಹಿಂದಕ್ಕೆ ತಂದರೆ ಹೆಬ್ಬೆರಳಿಗೆ ಸಿಗುವ ಎರಡು ಗುಳಿಗಳ ಕೆಳಗೆ, ಯಾರೋ ಹಲಗೆ ಕೂರಿಸಿ ಮೊಳೆ ಹೊಡೆದು ಹೋದಂತಿತ್ತು. ಕಾಲ್ಬೆರಳು ಆಡಿಸಿದಳು. ಒಂದು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಮಂಚದ ಅಂಚಿಗೆ ಬಂದು ಕೂತು, ಗೋಡೆ ಹಿಡಿದು ಎದ್ದಳು. ಎದ್ದ ಮೇಲೆ ನಡೆಯಬೇಕು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ನಡೆದಂತೆ ಹಲಗೆ ನಿಧಾನವಾಗಿ ಸಡಿಲಗೊಳ್ಳುತ್ತದೆ, ಬಿಸಿಲು ತಾಗಿದ ಬೆಲ್ಲದ ಹಾಗೆ. ಅವಳಿಗೆ ಅರ್ಥವಾಗದಿದ್ದದ್ದು, ಅರ್ಥವಾಗದೆಯೂ ಒಂದು ತರಹ ಭಯಭಕ್ತಿ ಹುಟ್ಟಿಸಿದ್ದದ್ದು ಇದೇ. ದುಡಿದು ದಣಿದ ಮೈ ಮಲಗಿದರೆ ಹಗುರಾಗುತ್ತದೆ, ಎಲ್ಲರಿಗೂ ಗೊತ್ತಿರುವ ವಿಚಾರ. ಇದು ಮಲಗಿದರೆ ಗಟ್ಟಿಯಾಗುತ್ತದೆ, ಓಡಾಡಿದರೆ ಕರಗುತ್ತದೆ. ಭಾನುವಾರ ಪೂರ್ತಿ ಒರಗಿಕೊಂಡು ಓದಿದರೆ ಸೋಮವಾರ ಬೆಳಿಗ್ಗೆ ಅದಕ್ಕೆ ಶಿಕ್ಷೆಯುಂಟು. ತನ್ನೊಳಗೆ ಯಾರೋ ಬೇರೆಯೇ ಕಾನೂನು ನಡೆಸುತ್ತಿದ್ದಾರೆ. ಆ ಕಾನೂನಿನ ಪುಸ್ತಕ ತನಗೆ ಓದಲು ಸಿಕ್ಕಿಲ್ಲ.

ಗಂಡನ ಊರಾದ ದುದ್ದದ ಮನೆಯಲ್ಲಿ ಅತ್ತೆ ಬೆಟ್ಟಮ್ಮನಿಗೆ ಈ ಕಾನೂನು ಇನ್ನೊಂದು ರೀತಿ ಕಂಡಿತ್ತು. "ಮುದ್ದೆ ತೊಳ್ಸೋ ಒತ್ಗೆ ಸೊಂಟ ಇಡ್ಕತದೆ, ಬಸ್ ಬರೋ ಒತ್ಗೆ ಬಿಟ್ಕತದೆ. ಇಂತಾ ಸೊಂಟ ನಂಗೂ ಒಂದ್ ಕೊಡ್ಸಪ್ಪಾ ದ್ಯಾವ್ರೇ" ಎಂದು ಒಲೆಯ ಮುಂದೆ ಹೇಳಿದ್ದು ಬಚ್ಚಲಿಗೂ ಕೇಳಿಸಿತ್ತು. ಅದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಹೊಳೆನರಸೀಪುರದ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾ ನಿಂತಷ್ಟು ಹೊತ್ತೂ ಅವಳ ಬೆನ್ನು ಬೆನ್ನಿನ ಹಾಗೇ ಇರುತ್ತದೆ. ಹಿರಿಯರ ಹಬ್ಬದ ದಿನ ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಒಬ್ಬೊಬ್ಬರಾಗಿ ಮಂಡಿಯೂರಿ ಹಣೆ ನೆಲಕ್ಕೆ ತಾಗಿಸಿ, ಆಮೇಲೆ ಮನೆಯ ದೊಡ್ಡವರ ಕಾಲಿಗೆ ಬೀಳುತ್ತಿದ್ದಾಗ ಅವಳ ಸರದಿ ಬಂದಿತ್ತು. ಬಲ ಮಂಡಿ ಆವತ್ತು ತೆಂಗಿನಕಾಯಿಯಷ್ಟು ಊದಿತ್ತು, ಸೀರೆಯೊಳಗೆ ಯಾರಿಗೂ ಕಾಣುತ್ತಿರಲಿಲ್ಲ. ಕೆಳಗೆ ಹೋದರೆ ಮೇಲೇಳಲಾರೆ, ಎದ್ದೇಳಲು ಯಾರಾದರೂ ಕೈ ಕೊಡಬೇಕಾಗುತ್ತದೆ, ಕೈ ಕೊಟ್ಟವರು ಯಾಕೆಂದು ಕೇಳುತ್ತಾರೆ. ಅವಳು ನಿಂತಲ್ಲೇ ಕೈ ಮುಗಿದಳು. ಬೆಟ್ಟಮ್ಮನ ತಮ್ಮ ದೇವರಾಜು ಮಾವ ನಕ್ಕು, "ಕಾಲ್ಗೆ ಬೀಳಾಕೆ ಡಿಗ್ರಿ ಅಡ್ಡ ಬತ್ತದೆ ಕಣಕ್ಕಾ, ಬಿಡು" ಅಂದ. ಬೆಟ್ಟಮ್ಮ ನಗಲಿಲ್ಲ. ಹಿಂದಕ್ಕೆ ಎಳೆದುಕೊಂಡ ಅವಳ ಪಾದಗಳನ್ನು ಆಶಾರಾಣಿ ನೋಡಿದಳು. ಒಡೆದ ಹಿಮ್ಮಡಿಗಳು ಸೀರೆಯಂಚಿನ ಕೆಳಗೆ ಮರೆಯಾದವು. ಆ ಮಧ್ಯಾಹ್ನ ಮಾಂಸದ ಸಾರು ಉಂಡು ಮತ್ತೆ ಮತ್ತೆ ಹಿತ್ತಲಿಗೆ ಎದ್ದು ಹೋಗಿ ಬಂದಾಗ, ಊರಿನ ಊಟ ಪೇಟೆ ಹೊಟ್ಟೆಗೆ ಒಗ್ಗುವುದಿಲ್ಲ ಅಂತಲೂ ಆಯಿತು. ಅವಳು ಎಲ್ಲವನ್ನೂ ಒಪ್ಪಿಕೊಂಡಳು. ಅಹಂಕಾರ ಎನ್ನಲಿ, ನಾಜೂಕು ಎನ್ನಲಿ. ಇದ್ದದ್ದನ್ನು ಹೇಳುವುದಕ್ಕಿಂತ ಇವೆರಡೂ ಮರ್ಯಾದೆಯ ಮಾತುಗಳು.

"ಹಾಸನಕ್ಕೆ ನಾನೂ ಬರ್ಲಾ?" ಗಂಡ ಶಾಂತರಾಜು ಈ ಬೆಳಿಗ್ಗೆ ಕಾಫಿ ಸೋಸುತ್ತಾ ಕೇಳಿದ. ಅವನಿಗೆ ಅರಕಲಗೂಡಿನ ಸೊಸೈಟಿಯಲ್ಲಿ ಕೆಲಸ, ಬೇಗ ಹೊರಡಬೇಕು.

"ಬೇಡ. ಅತ್ತೆ ಬರ್ತಾರಂತಲ್ಲ."

"ಅವ್ವ ಬಿಡಲ್ಲ. ನಮ್ ಹುಡುಗನ ಆಸ್ಪತ್ರೆಗೆ ನಾನಿಲ್ದೆ ಹೋಗೋದುಂಟಾ ಅಂತ." ಲೋಟ ಮುಂದೆ ಇಟ್ಟ. "ಈ ಸಲ ಅಭಿಗೆ ಹೇಳ್ಬಿಡು ಆಶಾ."

"ಅತ್ತೆ ಎದುರಿಗಾ?"

ಅವನು ಸೋಸುವ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ತೊಳೆದ. ಯಾರಿಗೂ ಹೇಳುವುದು ಬೇಡ ಎಂದು ಅವನಿಂದ ಮಾತು ತೆಗೆದುಕೊಂಡಿದ್ದವಳು ಅವಳೇ.

ಹೀಗಾಗಿ ಅವಳ ಮೈ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ಎರಡು ಭಾಗವಾಗಿತ್ತು. ಕರುಳು ಮೈಸೂರಿನ ಡಾಕ್ಟರಿಗೆ, ಮೂಳೆ ಹಾಸನದ ಅಭಿಷೇಕನಿಗೆ, ನಡುವೆ ಅವಳೇ ಕಟ್ಟಿ ಕಾಯ್ದುಕೊಂಡು ಬಂದ ಬದು. ಮೈಸೂರಿನವರಿಗೆ ಅವಳು ಯಾರೋ ಒಬ್ಬಳು ರೋಗಿ. ಅವರ ಮುಂದೆ ರಕ್ತ, ಭೇದಿ ಎನ್ನುವ ಮಾತುಗಳು ಬಾಯಿಂದ ಸರಾಗವಾಗಿ ಬರುತ್ತಿದ್ದವು. ಅಭಿಷೇಕ ಹಾಗಲ್ಲ. ಅವನು ದೇವರಾಜು ಮಾವನ ಮಗ, ಬೆಟ್ಟಮ್ಮನ ಸೋದರಳಿಯ, ಮದುವೆಯಲ್ಲಿ ಇವರ ಕಾರು ಓಡಿಸಿದ ಹುಡುಗ. ಮನೆಯಲ್ಲೇ ಮೂಳೆ ಡಾಕ್ಟರನ್ನು ಇಟ್ಟುಕೊಂಡು ಬೇರೆಯವರ ಹತ್ತಿರ ಹೋದರೆ ಅದು ಅವಮಾನ. ಅವನ ಮುಂದೆ ಆಡಿದ್ದು ಸಂಜೆಯ ಬಸ್ಸಿಗೆ ದುದ್ದ ಸೇರಿದರೆ ಅದು ಇನ್ನೊಂದು. ಕಳೆದ ತಿಂಗಳು ಅವನು ಬೆನ್ನು ಒತ್ತಿ ನೋಡಿ, "ಬೇರೆ ಏನಾದ್ರೂ ತೊಂದ್ರೆ ಇದೆಯಾ ಅತ್ತಿಗೆ?" ಎಂದು ಕೇಳಿದಾಗ ಅವಳು ಸ್ಪಷ್ಟವಾಗಿ, ತರಗತಿಯಲ್ಲಿ ಹಾಜರಿ ಕೂಗುವವಳ ಹಾಗೆ, "ಇಲ್ಲ" ಎಂದಿದ್ದಳು. ಅವನು ನೋವಿನ ಮಾತ್ರೆ ಬರೆದುಕೊಟ್ಟ. ಬೆನ್ನು ದೇವರು ಕೊಟ್ಟ ವರದ ಹಾಗೆ ಸಡಿಲವಾಯಿತು. ಅದೇ ವಾರ ಕರುಳು ಹೊತ್ತಿಕೊಂಡಿತು. ರಕ್ತ ನಿಲ್ಲದೆ ಮೈಸೂರಿಗೆ ಫೋನು ಮಾಡಿದಾಗ ಅವರು ಮಾತ್ರೆಯ ಹೆಸರು ಕೇಳಿ, "ಇದನ್ನ ಯಾರು ಕೊಟ್ಟರು? ಇನ್ನೊಂದು ಸಲ ಹೀಗಾದರೆ ಆಪರೇಷನ್‌ ಮಾಡಿ ಕರುಳು ತೆಗೆಯಬೇಕಾಗಬಹುದು" ಅಂದರು. ತಲೆನೋವಿಗೆ ಅಂಗಡಿಯಲ್ಲಿ ತಂದು ನುಂಗಿದೆ ಎಂದಳು. ಸುಳ್ಳು ಅವಳಿಗೆ ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ, ಫೋನು ಇಟ್ಟ ಮೇಲೆ ನಿಜವಾಗಿಯೂ ತಲೆ ನೋಯತೊಡಗಿತ್ತು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕಂಬಿ ಹಿಡಿದು ನಿಂತೇ ಇದ್ದಳು. ಕೂತರೆ ಹಲಗೆ ಮತ್ತೆ ಕೂತುಬಿಡುತ್ತದೆ. ಕಿಟಕಿಯ ಪಕ್ಕದ ಹೆಂಗಸು ಸರಿದು ಜಾಗ ಮಾಡಿ, "ಕೂತ್ಕಳವ್ವಾ" ಅಂದಳು. "ಪರವಾಗಿಲ್ಲ, ನಿಂತ್ಕೋತೀನಿ" ಅಂದಾಗ ಆ ಹೆಂಗಸು ತನ್ನ ಸೀರೆಯನ್ನೊಮ್ಮೆ ನೋಡಿಕೊಂಡಳು, ಗೊಬ್ಬರದ ಕಲೆಯೇನಾದರೂ ಇದೆಯೇ ಎನ್ನುವ ಹಾಗೆ. ಅಯ್ಯೋ, ಅದಕ್ಕಲ್ಲ ಎಂದು ಹೇಳಬೇಕೆನ್ನಿಸಿತು. ಮತ್ತೆ ಯಾಕೆ ಎಂದರೆ? ಮೊಸಳೆಹೊಸಹಳ್ಳಿ ದಾಟುವಾಗ ಹೊಟ್ಟೆಯೊಳಗೆ ಒಂದು ಮಡಿಕೆ ಬಿಚ್ಚಿಕೊಂಡಿತು. ಈ ದಾರಿಯನ್ನು ಅವಳು ಬೇರೆಯವರಂತೆ ಊರುಗಳಿಂದ ಗುರುತು ಹಿಡಿಯುತ್ತಿರಲಿಲ್ಲ. ಯಾವ ಪೆಟ್ರೋಲ್ ಬಂಕಿನ ಹಿಂದಿನ ಕಕ್ಕಸಿನ ಬಾಗಿಲಿಗೆ ಚಿಲಕವಿದೆ, ಯಾವ ಹೋಟೆಲಿನವನು ಕಾಫಿ ಕುಡಿಯದಿದ್ದರೂ ಒಳಗೆ ಬಿಡುತ್ತಾನೆ, ಎಲ್ಲಿಂದ ಎಲ್ಲಿಯವರೆಗೆ ಬರೀ ಬಯಲು. ಈಗಿನದು ಬಯಲು. ಕಂಬಿಯ ಮೇಲೆ ಅವಳ ಬೆರಳುಗಳು ಬೆಳ್ಳಗಾದವು. ರಸ್ತೆಯಾಚೆ ಆಲೂಗಡ್ಡೆ ಕಿತ್ತ ಹೊಲದಲ್ಲಿ ಮಣ್ಣು ಕೆಂಪಗೆ ತೆರೆದುಕೊಂಡಿತ್ತು. ತಡಿ, ಎಂದು ಅವಳು ಒಳಗೇ ಹೇಳಿದಳು. ಜಗುಲಿಯ ಮೇಲೆ ಕೂತ ಮುಂಗೋಪದ ಹಿರಿಯರಿಗೆ ಹೇಳುವ ಹಾಗೆ, ಬಹುವಚನದಲ್ಲಿ, ಸ್ವಲ್ಪ ತಡೀರಿ. ಒಳಗಿನದು ಯೋಚಿಸಿತು. ತಡೆಯಿತು. ಅವಳ ಕಣ್ಣಲ್ಲಿ ನೀರು ಬಂತು. ಇಷ್ಟು ಕಾಡುವುದು ಹೀಗೆ ಒಮ್ಮೊಮ್ಮೆ ಮಾತು ಕೇಳಿಬಿಟ್ಟರೆ ಅದನ್ನು ಶತ್ರು ಎನ್ನುವುದು ಹೇಗೆ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಅಭಿಷೇಕನ ನರ್ಸಿಂಗ್ ಹೋಮಿನಲ್ಲಿ ಬೆಟ್ಟಮ್ಮ ಆಗಲೇ ಬಂದು ಕೂತು, ಕಾಯುವವರ ಸಾಲಿನಲ್ಲಿ ಅರ್ಧ ಜನರನ್ನು ಪರಿಚಯ ಮಾಡಿಕೊಂಡಿದ್ದಳು. ಕಾಲ ಬಳಿ ಸೋದರಳಿಯನಿಗೆಂದು ತಂದ ಅವರೆಕಾಯಿಯ ಚೀಲ. ಪಕ್ಕದಲ್ಲಿ ಮುಂಗೈಗೆ ಪಟ್ಟಿ ಹಾಕಿಸಿಕೊಂಡ ವಯಸ್ಸಾದವಳೊಬ್ಬಳು.

"ಬಾ ಕಣವ್ವಾ. ಇವ್ರು ಬಾಗೂರೋರು, ಪುಟ್ಟತಾಯಮ್ಮ ಅಂತ. ಅಸ ಜಗ್ಗಿ ಕೆಡವ್ಬುಡ್ತಂತೆ, ಪಾಪ."

"ಅಸಿನ ತಪ್ಪಲ್ಲ ಕಣಕ್ಕಾ," ಎಂದಳು ಪುಟ್ಟತಾಯಮ್ಮ. "ನಾನೇ ಅಗ್ಗ ಕೈಗೆ ಸುತ್ಕೊಂಡಿದ್ದೆ. ಇವ್ಳೇನಾ ನಿನ್ ಸೊಸೆ? ನೋಡಾಕೆ ಗುಂಡ್ಕಲ್ಲಂಗವ್ಳೆ, ಏನಾಗದೆ?"

"ಸೊಂಟವಂತೆ," ಎಂದಳು ಬೆಟ್ಟಮ್ಮ, ಆ 'ಅಂತೆ'ಯನ್ನು ಕೊಂಚ ಎಳೆದು.

ಒಳಗೆ ಕರೆದಾಗ ಅಭಿಷೇಕ ಮೊದಲು ಕಂಪ್ಯೂಟರಿನ ಪರದೆಯನ್ನು, ಆಮೇಲೆ ಬೆಟ್ಟಮ್ಮನನ್ನು ನೋಡಿದ. "ಅತ್ತೆ, ಒಂದೈದು ನಿಮಿಷ ಹೊರಗಿರ್ತೀರಾ?"

"ಯಾಕ್ಲಾ? ನಿನ್ ಕುಂಡಿ ತೊಳ್ದು ದೊಡ್ಡೋನ್ ಮಾಡಿರೋಳು ನಾನು. ನನ್ ಮುಂದೆ ಏನ್ಲಾ ನಿಂದು ಗುಟ್ಟು?"

ಬಾಗಿಲ ಬಳಿಯ ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಅಭಿಷೇಕನ ಕಿವಿ ಕೆಂಪಾಯಿತು. ಆಶಾರಾಣಿಗೂ ನಗು ಬರಬೇಕಿತ್ತು. ಹೊರಗೇ ಇರಲಿ ಎಂದು ತಾನಾದರೂ ಹೇಳಬಹುದಿತ್ತು, ಹೇಳುವ ಹಕ್ಕು ತನ್ನದೇ. ಆದರೆ ಬೆಟ್ಟಮ್ಮ ಆಗಲೇ ಕುರ್ಚಿ ಎಳೆದುಕೊಂಡು ಸೆರಗು ಸರಿಮಾಡಿ ಕೂತಾಗಿತ್ತು. ಅಭಿಷೇಕ ಅವಳ ಸೊಂಟದ ಸ್ಕ್ಯಾನ್ ಚಿತ್ರವಿದ್ದ ಪರದೆಯನ್ನು ಇವರ ಕಡೆ ತಿರುಗಿಸಿದ.

ಅವಳು ಉಸಿರು ಹಿಡಿದಳು. ಕಪ್ಪು ನೀರಿನೊಳಗಿಂದ ಎದ್ದು ಬಂದಂತೆ ಬೂದು ಬಣ್ಣದ ಎರಡು ದೊಡ್ಡ ರೆಕ್ಕೆಗಳು, ನಡುವೆ ಕೆಳಮುಖವಾಗಿ ಇಳಿದ ಒಂದು ಬೆಣೆ. ಇದು ತಾನು. ಇಷ್ಟು ವರ್ಷ ಇದರ ಮೇಲೆ ಕೂತಿದ್ದಾಳೆ, ಇದಕ್ಕೇ ಸೀರೆ ಸುತ್ತಿದ್ದಾಳೆ, ಒಮ್ಮೆಯೂ ನೋಡಿರಲಿಲ್ಲ. ವಿದ್ಯಾರ್ಥಿಗಳನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದಾಗ, ಹೇಮಾವತಿಯ ಹಿನ್ನೀರು ಇಳಿದು ಮುಳುಗಿದ್ದ ಹಳೆಯ ಚರ್ಚಿನ ಕಮಾನುಗಳು ಹೊರಬಂದಿದ್ದವು. ಚಾವಣಿ ಇಲ್ಲ, ಬಾಗಿಲಿಲ್ಲ, ಆದರೂ ನಿಂತೇ ಇತ್ತು, ಅದರೊಳಗೆ ಕಾಲಿಟ್ಟೊಡನೆ ಗಲಾಟೆ ಮಾಡುತ್ತಿದ್ದ ಹುಡುಗಿಯರೆಲ್ಲ ತಾವಾಗಿಯೇ ದನಿ ತಗ್ಗಿಸಿದ್ದರು. ಯಾರೂ ಹೇಳಿರಲಿಲ್ಲ. ಈಗ ಈ ಕೋಣೆಯಲ್ಲೂ ಹಾಗೆಯೇ, ಬೆಟ್ಟಮ್ಮ ಕೂಡ, ಪಿಸುದನಿಯಲ್ಲಿ, "ಇದು ಇವ್ಳುದೇಯೇನ್ಲಾ?" ಅಂದಳು.

"ಹೂಂ ಅತ್ತೆ. ಇಲ್ನೋಡಿ. ಬೆನ್ನುಮೂಳೆ ಬಂದು ಸೊಂಟದ ಮೂಳೆಗೆ ಸೇರೋ ಸಂದಿ ಇದು. ಈ ಕಡೆ ಒಂದು, ಆ ಕಡೆ ಒಂದು." ಅವನ ಪೆನ್ನಿನ ತುದಿ ಬೆಣೆಯ ಎರಡೂ ಅಂಚಿನಲ್ಲಿ ಓಡಿತು. ಅಲ್ಲಿ ಬೂದು ಬಣ್ಣದ ನಡುವೆ ಬೆಳ್ಳಗೆ, ಹಾಲು ಚೆಲ್ಲಿ ಒರೆಸದೆ ಬಿಟ್ಟಂತೆ ಹರಡಿಕೊಂಡಿತ್ತು. "ಈ ಬಿಳಿ ಇದೆಯಲ್ಲ, ಅದೇ ಉರಿ. ಹೀಗೇ ಬಿಟ್ರೆ ಈ ಸಂದಿ ಮುಚ್ಚಿಕೊಂಡು ಮೂಳೆಗೆ ಮೂಳೆ ಅಂಟ್ಕೊಳುತ್ತೆ. ಆಮೇಲೆ ಬಿಡಿಸೋಕಾಗಲ್ಲ." ಅವನು ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿದ. ಬೆನ್ನು ಹೇಗಿದೆ ಎಂದು ಕೇಳುತ್ತಾನೆಂದು ಅವಳು ಉತ್ತರ ಹೊಂದಿಸಿಕೊಳ್ಳುತ್ತಿದ್ದಳು.

"ಹೊಟ್ಟೆ ಹೇಗಿದೆ ಅತ್ತಿಗೆ?"

ಅವಳಿಗೆ ಕೇಳಿಸಿತು, ಕೇಳಿಸಿದ್ದು ಒಳಗಿಳಿಯಲು ಹೊತ್ತು ಹಿಡಿಯಿತು. "ಹೊಟ್ಟೆನಾ?"

"ಈ ವಯಸ್ಸಿಗೆ ಎರಡೂ ಕಡೆ ಹೀಗಿದ್ರೆ ಕೇಳ್ಲೇಬೇಕು. ಕಣ್ಣು, ಚರ್ಮ, ಕರುಳು. ಹೋದ ಸಲವೇ ನಾನು ಬಿಡಿಸಿ ಕೇಳ್ಬೇಕಿತ್ತು."

ಮೂಳೆ ಹೇಳಿಬಿಟ್ಟಿದೆ. ಅವಳು ಬದುವಿನ ಮೇಲೆ ನಿಂತು ಕಾಯುತ್ತಿದ್ದಾಗ ಅದರ ಅಡಿಯಲ್ಲಿ ನೀರು ಸುಮ್ಮನೆ ಈ ಹೊಲದಿಂದ ಆ ಹೊಲಕ್ಕೆ ಹರಿಯುತ್ತಲೇ ಇತ್ತು. ಅಂಜಿಕೆಗಿಂತ ಮೊದಲು ಅವಳನ್ನು ಹಿಡಿದು ಅಲ್ಲಾಡಿಸಿದ್ದು ಬೆರಗು. ಬಲ ಮಂಡಿ ಊದಿದಾಗಲೆಲ್ಲ ಅದರ ಹಿಂದೆಯೇ ರಕ್ತ ಬಂದಿದ್ದು, ಕರುಳು ತಣ್ಣಗಾದಾಗ ಮಂಡಿಯೂ ಇಳಿದದ್ದು, ಎಲ್ಲವನ್ನೂ ಅವಳು ನೋಡಿದ್ದಳು, ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ. ಹುಡುಗಿಯರಿಗೆ ಎಷ್ಟು ಸಲ ಹೇಳಿಲ್ಲ, ಒಂದು ಮೂಲೆಯಲ್ಲಿ ದಂಗೆಯಾದರೆ ಇನ್ನೊಂದು ಮೂಲೆಯ ಕೋಟೆ ಯಾಕೆ ಬಾಗಿಲು ಹಾಕಿಕೊಂಡಿತು ಎಂದು ಹುಡುಕಿ ಎಂದು. ತನ್ನದೇ ರಾಜ್ಯದಲ್ಲಿ ಸುದ್ದಿ ಯಾವ ದಾರಿಯಲ್ಲಿ ಹೋಯಿತೋ. ಯಾವ ರಕ್ತದ ಹನಿ, ಯಾವ ಗುರುತು ಹೊತ್ತು, ಕತ್ತಲಲ್ಲಿ ಕರುಳಿನಿಂದ ಹೊರಟು ಮೂಳೆಯ ಸಂದಿಯವರೆಗೆ ನಡೆದು, ಇಲ್ಲಿ ಬಿಳಿಯಾಗಿ ಬರೆಯಿತು? ಯಾರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ್ದಳೋ ಅವರೆಲ್ಲ ಒಳಗೊಳಗೆ ಒಂದೇ ಮನೆಯವರು. ಅಭಿಷೇಕ ಕಾಯುತ್ತಿದ್ದ. ಈಗ ಇಲ್ಲ ಎಂದರೆ ಅವನು ನಂಬುತ್ತಾನೆ. ನಂಬಿ ಮತ್ತೆ ಮಾತ್ರೆ ಬರೆಯುತ್ತಾನೆ. ಮಾತ್ರೆ ಕರುಳನ್ನು ಸುಡುತ್ತದೆ. ನುಂಗದಿದ್ದರೆ ಬೆನ್ನು ಅಂಟಿಕೊಳ್ಳುತ್ತದೆ. ಬೆಟ್ಟಮ್ಮನ ಬಳೆಗಳ ಸದ್ದು ಪಕ್ಕದಲ್ಲೇ. ಯಾವ ಮಾತು ಆಡುವುದು? ಹೊರಗೆ ಹೋಗುವುದು ಎಂದರೆ ಅರ್ಧ ನಿಜ, ಹೊಟ್ಟೆ ಸರಿಯಿಲ್ಲ ಎಂದರೆ ತಪ್ಪು ನಿನ್ನೆಯ ಊಟದ ಮೇಲೆ ಹೋಗುತ್ತದೆ. ಇಷ್ಟು ಪುಸ್ತಕ ಓದಿದವಳಿಗೆ ಮರ್ಯಾದೆಯ ಪದ ಒಂದೂ ಸಿಗಲಿಲ್ಲ.

"ರಕ್ತ ಹೋಗುತ್ತೆ," ಎಂದಳು. "ಭೇದಿಯಲ್ಲಿ. ದೊಡ್ಡ ಕರುಳಲ್ಲಿ ಹುಣ್ಣಿದೆ, ಕೊಲೈಟಿಸ್ ಅಂತಾರೆ. ಮೈಸೂರಲ್ಲಿ ತೋರಿಸ್ತಾ ಇದೀನಿ. ಮದುವೆಯಾದ ಮುಂದಿನ ವರ್ಷದಿಂದ."

ಅಭಿಷೇಕನ ಮುಖದಲ್ಲಿ ಸೋದರಳಿಯ ಹಿಂದೆ ಸರಿದು ಡಾಕ್ಟರು ಮುಂದೆ ಬಂದ. "ಸ್ಟೀರಾಯ್ಡ್ ತಗೊಂಡಿದ್ರಾ?"

"ಬಹಳ ಸಲ."

"ನಾನು ಕೊಟ್ಟ ಮಾತ್ರೆಯಿಂದ ಜಾಸ್ತಿ ಆಯ್ತಾ?"

"ಆಯ್ತು. ನಿಲ್ಲಿಸಿದೆ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ನೀವು ನಮ್ಮೋರಲ್ವಾ," ಎಂದಳು. "ಅದಕ್ಕೆ."

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. ಕಾಗದದ ಮೇಲೆ ಬರೆಯುತ್ತಾ, ತಗ್ಗಿದ ದನಿಯಲ್ಲಿ ಹೇಳಿದ: ಕರುಳಿನ ಈ ಕಾಯಿಲೆ ಇರುವವರಲ್ಲಿ ಎಷ್ಟೋ ಜನರಿಗೆ ಕೀಲುಗಳಿಗೂ ಬರುತ್ತದೆ, ಎರಡನ್ನೂ ಒಟ್ಟಿಗೆ ಹಿಡಿಯುವ ಇಂಜೆಕ್ಷನ್ ಇದೆ, ಅದನ್ನು ಮೈಸೂರಿನವರ ಜೊತೆ ಮಾತಾಡಿಯೇ ಶುರು ಮಾಡಬೇಕು, ಇವತ್ತೇ ಫೋನು ಮಾಡುತ್ತೇನೆ, ಸ್ಟೀರಾಯ್ಡಿನಿಂದ ಮೂಳೆ ಸವೆದಿದೆಯೇ ಎಂದು ಇನ್ನೊಂದು ಪರೀಕ್ಷೆ, ದಿನವೂ ವ್ಯಾಯಾಮ, ಕೂತೇ ಇರಬಾರದು. ಅವಳು ತಲೆಯಾಡಿಸುತ್ತಿದ್ದಳು. ಅವಳ ಗಮನವೆಲ್ಲ ಪಕ್ಕದ ಕುರ್ಚಿಯ ಮೇಲಿತ್ತು.

"ಅಂಗಾರೆ," ಎಂದಳು ಬೆಟ್ಟಮ್ಮ ಕೊನೆಗೆ, ಸೊಸೆಯನ್ನು ನೋಡದೆ, ಪರದೆಯನ್ನೇ ನೋಡುತ್ತಾ, "ಬೆಳಿಗ್ಗೆ ಬೆಳಿಗ್ಗೆ ಮರ ಆಗೋದು, ಆಮೇಲ್ ಸರಿ ಓಗೋದು, ಅದು ನಿಜವೇಯೇನ್ಲಾ?"

"ನಿಜ ಅತ್ತೆ. ಈ ಕಾಯಿಲೆಯ ಗುರುತೇ ಅದು."

"ಬಗ್ಗಾಕಾಯ್ತಿರ್ನಿಲ್ವಾ?"

"ಆಗ್ತಿರ್ಲಿಲ್ಲ," ಎಂದಳು ಆಶಾರಾಣಿ.

"ಬಾಯಿ ಬಿಟ್ಟು ಏಳಾಕೇನಾಗಿತ್ತು ನಿಂಗೆ? ಆಳಾದೋಳೇ." ಬೆಟ್ಟಮ್ಮನ ಸಿಟ್ಟು ದಾರಿ ಹುಡುಕಿಕೊಂಡು ಎಲ್ಲೆಲ್ಲೋ ಹೋಯಿತು. "ಕಾರ ಉಣ್ಣಿಸ್ದೆ ಕಣ್ಲಾ ಅಭೀ ಇವ್ಳಿಗೆ. ಉಣ್ಣು ಉಣ್ಣು ಅಂತ ಮೇಲ್ಮೇಲೆ ಬಡಿಸ್ದೆ. ಉಳ್ಸಿದ್ರೆ ಮೂತಿ ತಿರುವ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಯಿಗಾದ್ರೂ ಒಟ್ಟೆ ಕೆಟ್ರೆ ಗೊತ್ತಾಯ್ತದಲ್ಲೋ. ಉಲ್ ತಿಂತದೆ. ಇವ್ಳು ಉಣ್ಕೊಂಡು ಕೂತ್ಕಂಡಿದ್ಲು." ಎದ್ದು, ಅವರೆಕಾಯಿಯ ಚೀಲವನ್ನು ಮೇಜಿನ ಮೇಲೆ ಧೊಪ್ಪನೆ ಇಟ್ಟು, ಹೊರಗೆ ನಡೆದಳು.

ಔಷಧಿ ಚೀಟಿ ಹಿಡಿದು ಆಶಾರಾಣಿ ಹೊರಬರುವಷ್ಟರಲ್ಲಿ ತಡವಾಗಿತ್ತು. ಬೆಟ್ಟಮ್ಮ ಕಾಯುವವರ ಸಾಲಿನ ನಡುವೆ, ಪುಟ್ಟತಾಯಮ್ಮನ ಮುಂದೆ ನಿಂತಿದ್ದಳು. ಹೊಲದ ಆ ತುದಿಯವರನ್ನು ಕರೆಯುವ ಅವಳ ದನಿ ಇಡೀ ಕೋಣೆಯನ್ನು ತುಂಬಿತ್ತು. "ಸೊಂಟವಂತೆ ಅಂದ್ನಲ್ಲ, ಅಲ್ಲ ಕಣವ್ವಾ. ಕರುಳು! ಕರುಳಲ್ಲಿ ಉಣ್ಣಾಗಿ ರಕ್ತ ಓಯ್ತದಂತೆ, ವರ್ಸಗಟ್ಲೆಯಿಂದ, ಒಬ್ರಿಗಾದ್ರೂ ಏಳವ್ಳಾ? ಇಲ್ಲ!" ಆಶಾರಾಣಿ ಚೀಟಿಯನ್ನು ಮಡಿಚಿ ಮುಷ್ಟಿಯೊಳಗೆ ಇಟ್ಟುಕೊಂಡಳು. ಓಡಿಹೋಗಿ ಆ ಬಾಯಿ ಮುಚ್ಚಬೇಕು. ಬೇಡ, ಇಲ್ಲಿಂದ ಹಾಗೇ ಮೆಟ್ಟಿಲಿಳಿದು ಹೊರಟುಬಿಡಬೇಕು. ಇಷ್ಟು ವರ್ಷ ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಮುಚ್ಚಿಟ್ಟದ್ದೆಲ್ಲ ಕೈಗೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಅಪರಿಚಿತರ ಮುಂದೆ ಬಿದ್ದಿತ್ತು. ಅವಳು ನಗುವಿಗಾಗಿ ಕಾದಳು. ಮೂಗು ಮುಚ್ಚಿಕೊಳ್ಳುವವರಿಗಾಗಿ ಕಾದಳು. ಯಾರೂ ನಗಲಿಲ್ಲ. ಬೆಟ್ಟಮ್ಮ ತನ್ನ ಅಂಗೈಯನ್ನು ಹೊಕ್ಕುಳ ಮೇಲಿಟ್ಟುಕೊಂಡಿದ್ದಳು. "ಇಲ್ಲಿ ಅತ್ಕೊಂಡ ಬೆಂಕಿ ನೋಡಿ, ಇಲ್ಲಿಂದ ಇಂಗೆ," ಕೈ ನಿಧಾನವಾಗಿ ಪಕ್ಕೆಯ ಮೇಲೆ ಜಾರಿ ಸೊಂಟ ಬಳಸಿ ಹಿಂದಕ್ಕೆ ಹೋಯಿತು, "ಇಂಗೆ ಓಗಿ, ಬೆನ್ನಿಗೆ ತಗಲ್ಕಂಡದೆ. ನಾನೇ ಕಣ್ಣಾರೆ ನೋಡ್ದೆ. ಬೆಳ್ಳಗೆ ಉರೀತದೆ. ಎಲ್ಲಾ ಒಂದುಕ್ಕೊಂದು ಸೇರ್ಕಂಡದೆ ಕಣ್ರವ್ವಾ ಒಳಗೆ, ನಮ್ಗೆ ಗೊತ್ತಾಗಕಿಲ್ಲ ಅಷ್ಟೇ." ಸಾಲಿನಲ್ಲಿ ಕೂತವರು ಆ ಕೈಯನ್ನೇ ನೋಡುತ್ತಿದ್ದರು. ಊರುಗೋಲು ಹಿಡಿದಿದ್ದವನೊಬ್ಬ ಅದನ್ನು ಗೋಡೆಗೆ ಒರಗಿಸಿ ತನ್ನ ಹೊಟ್ಟೆ ಮುಟ್ಟಿಕೊಂಡ. ಅವನ ಹೆಂಡತಿ ಪಕ್ಕೆ ಮುಟ್ಟಿಕೊಂಡಳು. ಹೆಗಲಿಗೆ ಜೋಲಿ ಹಾಕಿದ್ದವನು ಸರಿಯಿದ್ದ ಕೈಯನ್ನು ಹಿಂದಕ್ಕೆ ತಂದು, ಸೊಂಟದ ಗುಳಿಗಳನ್ನು ಹುಡುಕಿ, ಸಿಕ್ಕಿದವೆನ್ನುವಂತೆ ಕಣ್ಣರಳಿಸಿದ. ಸಾಲಿನುದ್ದಕ್ಕೂ ಒಬ್ಬರಾದ ಮೇಲೆ ಒಬ್ಬರ ಕೈಗಳು ಹೊಟ್ಟೆಯಿಂದ ಬೆನ್ನಿಗೆ, ತಮ್ಮೊಳಗೇ ಇದ್ದು ತಾವೆಂದೂ ನಡೆಯದ ಆ ದಾರಿಯಲ್ಲಿ, ತಡವುತ್ತಾ ಹೋದವು. ಆಶಾರಾಣಿ ಬಾಗಿಲ ಬಳಿ ಕಂಬದಂತೆ ನಿಂತು ನೋಡಿದಳು. ಪುಟ್ಟತಾಯಮ್ಮ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಅವಳ ಕಡೆ ತಿರುಗಿದಳು.

"ಈಗ್ಲೂ ನೋಯ್ತದಾ ಮಗಾ?"

ಎಲ್ಲರೂ ತಿರುಗಿ ನೋಡಿದರು. ಪರವಾಗಿಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು.

"ನೋಯ್ತದೆ," ಎಂದಳು ಆಶಾರಾಣಿ, ಕೊನೆಯ ಕುರ್ಚಿಯಲ್ಲಿ ಕೂತವನಿಗೂ ಕೇಳಿಸುವಂತೆ.